ನಮ್ಮ ಪ್ರಾರ್ಥನೆಗೆ ಸಿಕ್ಕಿಬಿದ್ದ ಸಾಹೇಬರು

ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸದಲ್ಲಿ ಎಡವಟ್ಟು ಆಗದೆ ಇರುತ್ತದೆಯೇ? ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಾನು ಕುಣಿಗಲ್, ಗುಬ್ಬಿ, ತುಮಕೂರು ಎಂದು ಸುತ್ತಿದ ಸಭಾಪಾಲಕ. ದೇಶ ಆಳುವವರಿಗಾಗಿ, ಅಧಿಕಾರದಲ್ಲಿ ಇರುವವರಿಗಾಗಿ ಪ್ರತಿ ಭಾನುವಾರ ಪ್ರಾರ್ಥಿಸುವುದು ನಮ್ಮ ಚರ್ಚುಗಳ ಕಟ್ಟಳೆ. ಸಭೆಯ ಹಿರಿಯರೊಬ್ಬರು ಎದ್ದು ನಿಂತು, ತಮ್ಮದೇ ಮಾತಿನಲ್ಲಿ ಪ್ರಾರ್ಥಿಸುತ್ತಾರೆ. ಏನು ಹೇಳಿದರೂ ನಡುವೆ ತಡೆಯುವ ಹಾಗಿಲ್ಲ. ಕೊನೆಗೆ ಇಡೀ ಸಭೆ 'ಆಮೆನ್', ಅಂದರೆ 'ಹಾಗೆಯೇ ಆಗಲಿ' ಎಂದುಬಿಟ್ಟರೆ ಬೇಡಿಕೆಗೆ ಮುದ್ರೆ ಬಿದ್ದ ಹಾಗೆ. ನನ್ನ ಅರ್ಧ ತಲೆ ನರೆತದ್ದು ಆ ನಾಲ್ಕಾರು ನಿಮಿಷಗಳಲ್ಲೇ.

ಕೊನೆಯ ಬೆಂಚಿನವನು

ತುರ್ತು ಪರಿಸ್ಥಿತಿಯ ಕಾಲ. ಸರ್ಕಾರದ ವಿರುದ್ಧ ಯಾರು ಏನು ಮಾತಾಡುತ್ತಾರೋ ಕೇಳಿಕೊಂಡು ಹೋಗಲು ಕುಣಿಗಲ್‌ನ ನಮ್ಮ ಚರ್ಚಿಗೂ ಒಬ್ಬ ಪೊಲೀಸ್ ಪೇದೆ ಬಂದು ಕೊನೆಯ ಬೆಂಚಿನಲ್ಲಿ ಕೂತ. ನನಗೆ ನಿಜವಾಗಿಯೂ ಭಯ. "ಪ್ರಾರ್ಥನೆಯಲ್ಲಿ ಯಾರನ್ನೂ ಬಿಡಬೇಡಿ ಸ್ವಾಮಿ" ಎಂದು ಹಿರಿಯರ ಕಿವಿಯಲ್ಲಿ ಉಸುರಿದೆ. ಅವರು ರಾಷ್ಟ್ರಪತಿಯಿಂದ ಹಿಡಿದು ಮುಖ್ಯಮಂತ್ರಿ, ಡೀಸಿ, ತಹಸೀಲ್ದಾರ್, ಸಬ್ ಇನ್ಸ್‌ಪೆಕ್ಟರ್‌ವರೆಗೆ ಎಲ್ಲರಿಗೂ ಆಯುರಾರೋಗ್ಯ ಬೇಡಿದರು.

ಆರಾಧನೆ ಮುಗಿದ ಮೇಲೆ ಪೇದೆ ನೇರ ನನ್ನ ಹತ್ತಿರವೇ ಬಂದ.

"ಅಯ್ನೋರೇ, ಒಂದ್ ಮಾತು."

"ಏನಪ್ಪಾ?" ಎಂದೆ.

"ಇನ್ಸ್‌ಪೆಕ್ಟರ್ ಸಾಹೇಬ್ರಿಗೇ ನಿಲ್ಲಿಸ್ಬುಟ್ರಲ್ಲಾ! ದಿನಾ ಬಿಸಿಲಲ್ಲಿ ನಿಲ್ಲೋರು ನಾವು. ನಮ್ಗೂ ಒಂದ್ ಮಾತು ಹೇಳ್ಬಾರ್ದಾ?"

ಮುಂದಿನ ಭಾನುವಾರ ಪ್ರಾರ್ಥನೆಯನ್ನು ಪೇದೆಗಳಿಂದಲೇ ಶುರು ಮಾಡಿದೆವು. ಕೇಳಿಸಿಕೊಳ್ಳಲಿ ಎಂದು ಅವನು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ.

ಹೆಸರು ಹಿಡಿದು

ಗುಬ್ಬಿಯಲ್ಲಿ ಹಿರಿಯರಾಗಿದ್ದವರು ರಿಟೈರಾದ ಮೇಷ್ಟ್ರು. ಪ್ರಧಾನಿಗಾಗಿ ಹೆಸರು ಹಿಡಿದೇ ಪ್ರಾರ್ಥಿಸಬೇಕು ಎನ್ನುವ ಹಟ. ಆಗ ದೆಹಲಿಯಲ್ಲಿ ಸರ್ಕಾರಗಳು ಬೀಳುತ್ತಿದ್ದ ಕಾಲ. ಒಂದು ಭಾನುವಾರ ಅವರು ಆಗಲೇ ರಾಜೀನಾಮೆ ಕೊಟ್ಟು ಹೋದವರಿಗೆ ದೀರ್ಘ ಅಧಿಕಾರ ಬೇಡಿಬಿಟ್ಟರು.

"ಮೇಷ್ಟ್ರೇ, ಅವ್ರು ಇಳಿದ್ರು!" ಎಂದರು ಹಿಂದಿನಿಂದ ಯಾರೋ.

ಮೇಷ್ಟ್ರು ಕಣ್ಣು ತೆರೆಯಲಿಲ್ಲ. "ಕರ್ತನೇ, ಈ ವಾರ ಯಾರಿದ್ದಾರೋ ಅವರನ್ನೇ ಆಶೀರ್ವದಿಸು. ನಿನಗೆ ಗೊತ್ತಿರುತ್ತೆ. ನಮ್ಮನೆ ರೇಡಿಯೋಗೆ ಸೆಲ್ ಇಲ್ಲ."

ದೊಡ್ಡಮ್ಮನ ಆಶೀರ್ವಾದ

ತುಮಕೂರಿನ ಅಂತರಸನಹಳ್ಳಿ ಕಡೆ ನಮ್ಮದೊಂದು ಸಣ್ಣ ಪ್ರಾರ್ಥನಾ ಮಂದಿರ. ಬರುವವರೆಲ್ಲ ಫ್ಯಾಕ್ಟರಿ ಕೆಲಸದವರು, ಶಿಫ್ಟ್ ಮುಗಿಸಿ ಸಂಜೆಯೇ ಬರಬೇಕು. ಕರೆಂಟ್ ಇಲ್ಲ. ಪೆಟ್ರೋಮ್ಯಾಕ್ಸ್ ಯಾವಾಗ ಕೈಕೊಡುತ್ತದೋ ಹೇಳುವ ಹಾಗಿಲ್ಲ. ಕತ್ತಲಲ್ಲಿ ಕೂರಲಾಗದೆ ಜನ ಬರುವುದನ್ನೇ ಬಿಡತೊಡಗಿದರು. ಹೀಗೇ ಆದರೆ ಮಂದಿರ ಮುಚ್ಚಿಹೋಗುವುದೇ ಸೈ.

ನಾನು ಅರ್ಜಿ ಹಿಡಿದು ಹೋದಾಗಲೆಲ್ಲ ಕರೆಂಟ್ ಆಫೀಸಿನ ಇಂಜಿನಿಯರ್ "ನೋಡೋಣ" ಎನ್ನುತ್ತಿದ್ದರು. ಅಲ್ಲಿನ ಹಿರಿಯಳು, ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದ ಮುದುಕಿ, ವಾರವಾರವೂ "ಇಂಜಿನಿಯರ್ ಸಾಹೇಬ್ರನ್ನ ಮೇಲಕ್ಕೆ ತಗೊಂಡ್ ಬಾ ಕರ್ತನೇ" ಎಂದು ಪ್ರಾರ್ಥಿಸಿದಳು. ಅವರು ಪ್ರಮೋಷನ್ ಆಗಿ ಹಾಸನಕ್ಕೆ ಹೋದರು. ಹೊಸಬರು ಬಂದರು, ಅರ್ಜಿ ಮತ್ತೆ ಮೊದಲಿನಿಂದ. ದೊಡ್ಡಮ್ಮ ಅವರಿಗೂ ಪ್ರಾರ್ಥಿಸಿದಳು. ಅವರಿಗೂ ಪ್ರಮೋಷನ್!

"ದೊಡ್ಡಮ್ಮಾ, ಆಶೀರ್ವಾದ ಸ್ವಲ್ಪ ಕಮ್ಮಿ ಮಾಡಿ" ಎಂದು ರೇಗಿದೆ.

ಅಷ್ಟರಲ್ಲಿ ದೊಡ್ಡಮ್ಮ ಪ್ರಾರ್ಥಿಸಿದರೆ ಪ್ರಮೋಷನ್ ಖಂಡಿತ ಎಂದು ಕರೆಂಟ್ ಆಫೀಸಿನಲ್ಲೆಲ್ಲ ಸುದ್ದಿ ಹಬ್ಬಿತ್ತು. ಮೂರನೆಯ ಇಂಜಿನಿಯರ್ ತಾವೇ ಸ್ಕೂಟರ್ ಹಾಕಿಕೊಂಡು ಬಂದರು. "ಅಯ್ನೋರೇ, ನಂಗೂ ಒಂದ್ ಪ್ರಾರ್ಥನೆ ಮಾಡ್ಸಿ. ಎಷ್ಟೋ ವರ್ಷದಿಂದ ಇದೇ ಪೋಸ್ಟಲ್ಲಿ ಕೊಳೀತಾ ಇದೀನಿ."

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ, "ಕತ್ಲಲ್ಲಿ ನಿಮ್ ಮುಖಾನೇ ಕಾಣಲ್ವಲ್ಲಪ್ಪಾ. ಮೊದ್ಲು ಲೈಟ್ ಹಾಕ್ಸಿ" ಎಂದಳು.

ವಾರದೊಳಗೆ ಕಂಬ, ತಂತಿ, ಮೀಟರ್ ಎಲ್ಲ ಬಂತು. ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ ಬಲ್ಬು ಹತ್ತಿತು. ಬಿಟ್ಟುಹೋಗಿದ್ದವರೆಲ್ಲ ಬಂದಿದ್ದರು. ನನಗೆ ಅಳುವೇ ಬಂತು. ಮುಂದಿನ ಸಾಲಿನಲ್ಲಿ ಇಂಜಿನಿಯರ್, ಇಸ್ತ್ರಿ ಮಾಡಿದ ಸಫಾರಿ ಹಾಕಿಕೊಂಡು, ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದರು.

ದೊಡ್ಡಮ್ಮ ಎದ್ದಳು. "ಕರ್ತನೇ, ಇಂಥಾ ಒಳ್ಳೇ ಇಂಜಿನಿಯರ್‌ನ ನಾವ್ ಕಂಡೇ ಇರ್ಲಿಲ್ಲ. ಇವ್ರನ್ನ ಎಲ್ಲಿಗೂ ಕಳಿಸ್ಬೇಡಪ್ಪಾ. ರಿಟೈರ್ ಆಗೋಗಂಟ ಇದೇ ಊರಲ್ಲಿ, ಇದೇ ಪೋಸ್ಟಲ್ಲೇ ಮಡಗಿರು."

ಇಡೀ ಸಭೆ ಬಾಯಿ ತೆರೆಯಿತು. ಇಂಜಿನಿಯರ್ ಧಡಕ್ಕನೆ ಎದ್ದು ನಿಂತು, ಎರಡೂ ಕೈ ಅಡ್ಡ ಆಡಿಸುತ್ತಾ ಕೂಗಿದರು:

"ಅಯ್ಯಯ್ಯೋ, ತಡೀರಿ! ಯಾರೂ ಆಮೆನ್ ಅನ್ಬೇಡಿ!"