ಸೋಪಿಗೆ ಬಗ್ಗದ ಹಳದಿ

ಮೊಳಕಾಲ್ಮೂರಿನ ದೇವೇಂದ್ರನ ದೂರು ಒಂದೇ: ಮದುವೆಯಾಗಿ ಇಷ್ಟು ವರ್ಷ ಗಂಡನ ಕಣ್ಣಲ್ಲಿ ಕಣ್ಣಿಟ್ಟು ನೋಡಲು ಪುರುಸೊತ್ತಿಲ್ಲದ ಹೆಂಡತಿ, ನೋಡಬಾರದ ಹೊತ್ತಿನಲ್ಲೇ ನೋಡಿಬಿಟ್ಟಳು.

"ಏನ್ರಿ, ಕಣ್ಣು ಹಳದಿ ಆಗೈತೆ," ಎಂದಳು ಚೌಡೇಶ್ವರಿ, ಕಾಫಿ ಲೋಟ ಹಿಡಿದು.

"ಬಣ್ಣ ಕಣೆ."

ಉತ್ತರವೇನೋ ಗಟ್ಟಿಯಾಗಿತ್ತು. ರೇಷ್ಮೆ ನೂಲಿಗೆ ಬಣ್ಣ ಹಾಕುವುದೇ ಅವನ ಕಸುಬು. ಮದುವೆ ಸೀರೆಗಳ ಕಾಲ. ಹಿತ್ತಲ ಹಂಡೆಯಲ್ಲಿ ಅರಿಶಿನ ಬಣ್ಣ ಕುದಿಯುತ್ತಿತ್ತು. ಅಂಗೈ ಹಳದಿ, ಉಗುರು ಹಳದಿ, ಲುಂಗಿ ಹಳದಿ. ಹೋದ ತಿಂಗಳು ಕೆಂಪು ಬಣ್ಣ ಹಾಕಿದಾಗ ಅವನನ್ನು ಯಾರೂ ಕೊಲೆಗಾರ ಅನ್ನಲಿಲ್ಲವಲ್ಲ?

"ಬಣ್ಣ ಕೈಗೆ ಹತ್ತುತೈತೆ. ಕಣ್ಣೊಳಗೆ ಹೆಂಗೆ ಹೋಯ್ತು?"

"ಹಬೆ ಹೊಡೀತೈತೆ. ಹಂಡೆ ಮುಂದೆ ನಿಂತೋರಿಗೆ ಗೊತ್ತು."

"ಉಚ್ಚೆಗೂ ಹಬೆ ಹೊಡೀತೇನು? ಬಚ್ಚಲು ತೊಳೆಯೋಳು ನಾನು. ಕಾಮಾಲೆ ಇದ್ದಂಗೈತೆ, ಡಾಕ್ಟರಿಗೆ ತೋರ್ಸಾಣ ನಡೀರಿ."

ಡಾಕ್ಟರೆಂದರೆ ದೇವೇಂದ್ರನಿಗೆ ಭಯ. ಅವನ ದೊಡ್ಡಪ್ಪ ಮುರುಗೇಂದ್ರಪ್ಪ ಆಸ್ಪತ್ರೆಗೆ ನಡೆದು ಹೋದವನು, ನಾಲ್ವರ ಹೆಗಲ ಮೇಲೆ ವಾಪಸು ಬಂದಿದ್ದ. (ಹೋಗುವ ಮುಂಚೆ ಆರು ತಿಂಗಳು ಕಷಾಯ ಕುಡಿದು ರೋಗವನ್ನು ಸಾಕಿಕೊಂಡಿದ್ದ ಎಂಬ ಮಾತನ್ನು ಆ ವಂಶದಲ್ಲಿ ಯಾರೂ ಎತ್ತುವುದಿಲ್ಲ.) ಇತ್ತ ವಾರದಿಂದ ಅನ್ನ ಕಂಡರೆ ಓಕರಿಕೆ. ಮಾಂಸದ ಸಾರಿನ ವಾಸನೆಗೆ ದೇವೇಂದ್ರ ಮನೆ ಬಿಟ್ಟು ಬೀದಿಗೆ ಓಡಿದ್ದು ಚರಿತ್ರೆಯಲ್ಲೇ ಮೊದಲು. ಕಣ್ಣು ಮುಚ್ಚಿದರೆ ನಾಲ್ಕು ಹೆಗಲು ಕಾಣುತ್ತಿದ್ದವು. ಆದರೂ ಅವನ ತರ್ಕ ಅಲುಗಲಿಲ್ಲ: ತೋರಿಸಿದರೆ ತಾನೆ ರೋಗ? ತೋರಿಸುವ ತನಕ ಬಣ್ಣ.

ಒಂದು ವಾರ ಇದೇ ಉತ್ತರ ಕೇಳಿದ ಚೌಡೇಶ್ವರಿ ಕೊನೆಗೆ ವಾದ ಬಿಟ್ಟಳು. ಹಂಡೆ ಕೆಳಗಿನ ಸೌದೆ ಎಳೆದು ನೀರು ಹೊಯ್ದಳು. "ಬಣ್ಣ ತಾನೆ? ಕೆಲಸ ನಿಲ್ಸಿ. ಹೋಗುತ್ತೋ ಇಲ್ವೋ ನೋಡಾಣ."

ಅವನು ಬಚ್ಚಲಿನ ಬಾಗಿಲು ಹಾಕಿಕೊಂಡು ಕಣ್ಣಿಗೆ ನೀರೆರಚಿದ. ಹೋಗಲಿಲ್ಲ. ಸೋಪು ಹಾಕಿದ. ಹಳದಿ ಹಾಗೇ ಉಳಿದು ಮೇಲೆ ಕೆಂಪೂ ಏರಿತು. ಎರಡು ಕಣ್ಣೂ ರಾಜ್ಯೋತ್ಸವದ ಬಾವುಟವಾದವು. ಹೊರಗೆ ಬಂದರೆ ಹೆಂಡತಿ ಕೈಚೀಲ ಹಿಡಿದು ನಿಂತಿದ್ದಳು.

ಅವನು ಅವಳ ಹಿಂದೆ ಚಳ್ಳಕೆರೆಯ ಬಸ್ಸು ಹತ್ತಿದ. ಡಾಕ್ಟರ್ ಶಿವರಂಜನಿಯವರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಕ್ಯಾತಣ್ಣ ಅವನ ಉಗುರು ನೋಡಿ ನಕ್ಕ.

"ಮೊಳಕಾಲ್ಮೂರಾ? ಬಣ್ಣದೋರಾ? ಇದು ಕಾಮಾಲೆ ಅಲ್ಲಣ್ಣ, ಬಣ್ಣ. ಮನೆಗೋಗಿ ತಿಕ್ಕಿ ತೊಳ್ಕಳ್ಳಿ. ಮುಂದಿನೋರು ಬರ್ರಿ."

ದೇವೇಂದ್ರ ಕುಣಿಯಬೇಕಿತ್ತು. ಕುಣಿಯಲಿಲ್ಲ. ವಾರದಿಂದ ತಾನೇ ಹೇಳಿಕೊಂಡು ಬಂದ ಮಾತು ಇನ್ನೊಬ್ಬನ ಬಾಯಲ್ಲಿ ಬಂದಾಗ, ಅದೆಂಥ ಹಸಿ ಸುಳ್ಳೆಂದು ಅವನ ಹೊಟ್ಟೆಗೇ ತಿಳಿಯಿತು. ಇಲ್ಲಿಂದ ವಾಪಸು ಹೋದರೆ ಮುಂದೆ ತನ್ನನ್ನು ಹೊರುವ ನಾಲ್ವರು ಯಾರೆಂದೂ ತಿಳಿಯಿತು.

"ಬಣ್ಣ ಅಲ್ಲಣ್ಣ. ಕಣ್ಣು ನೋಡು."

"ಹಬೆ ಹೊಡೆದಿರ್ತೈತೆ."

"ಹಬೆ ಕಣ್ಣಿಗೆ ಹೆಂಗಣ್ಣ ಹೊಡೀತೈತೆ?" ದೇವೇಂದ್ರ ಹೆಂಡತಿಯ ಕಡೆ ತಿರುಗಿದ. "ನೀನಾದ್ರೂ ಹೇಳೇ."

ಚೌಡೇಶ್ವರಿ ಸೆರಗು ಸರಿಮಾಡಿಕೊಂಡಳು. "ನಾನೇನು ಹೇಳ್ಲಿ? ನಮ್ಮನೆಯೋರು ಬಣ್ಣ ಅಂದ್ಮೇಲೆ ಬಣ್ಣಾನೆ."

ಕೂಲಿ ಹೆಚ್ಚಿಸಿ ಎಂದು ನೇಕಾರರೊಂದಿಗೆ ಬೀದಿಯಲ್ಲಿ ಕೂತು ಪಳಗಿದ ಆಸಾಮಿ ಡಾಕ್ಟರ ಬಾಗಿಲಿಗೆ ಅಡ್ಡ ಕೂತೇಬಿಟ್ಟ. ಘೋಷಣೆಯ ಗಂಟಲಿನಲ್ಲಿ, ಬೆಂಚಿನ ಮೇಲಿದ್ದ ಸಮಸ್ತ ರೋಗಿಗಳಿಗೂ ಕೇಳುವಂತೆ, ತನ್ನ ಉಚ್ಚೆಯ ಬಣ್ಣ, ಓಕರಿಕೆ, ಸುಸ್ತು, ಎಲ್ಲವನ್ನೂ ಸಾರಿದ.

ಶಿವರಂಜನಿ ಹೊರಗೆ ಬಂದು ಕಣ್ಣ ರೆಪ್ಪೆ ಎಳೆದು ನೋಡಿದರು. ಬಲ ಪಕ್ಕೆಯ ಕೆಳಗೆ ಒತ್ತಿದರು. ಅವನು ಹಾ ಎಂದ.

"ಕಾಮಾಲೇನೇ. ಕಣ್ಣು ಹಳದಿ ಕಂಡ ದಿನಾನೇ ಬರೋದಲ್ವೇನ್ರಿ? ಮನೇಲಿ ಯಾರೂ ಹೇಳ್ಲಿಲ್ವಾ?"

ದೇವೇಂದ್ರ ನೆಲ ನೋಡಿದ. ಚೌಡೇಶ್ವರಿ ಸೂರು ನೋಡಿದಳು.

"ರಕ್ತ ಪರೀಕ್ಷೆ ಮಾಡ್ಬೇಕು. ಸೂಜಿಗೆ ಹೆದರ್ಕಂಡ್ರೆ ನಾಳೆ ಬನ್ನಿ."

"ಈಗ್ಲೇ ಚುಚ್ರಿ ಅಮ್ಮ," ಎಂದು ಅವನು ಅಂಗಿಯ ತೋಳನ್ನು ಭುಜದ ತನಕ ಏರಿಸಿದ. "ಚುಚ್ಚೋ ತನಕ ಏಳಲ್ಲ."

ಕ್ಯಾತಣ್ಣ ಓಡಿ ಸೂಜಿ ತಂದ. ದೇವೇಂದ್ರ ಜೀವಮಾನದಲ್ಲಿ ಕೂತ ಧರಣಿಗಳಲ್ಲಿ, ಬೇಡಿಕೆ ಕೂತ ಜಾಗದಲ್ಲೇ ಈಡೇರಿದ್ದು ಇದೊಂದೇ.