ಬಿಲ್ಲಿನ ಹಿಡಿಗೆ ಒಂದು ಹಿಡಿ ಚಕ್ಕೆ

ಬಿಲ್ಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಚೇರಿಯಲ್ಲಿ ನಾನು ಬಿಲ್ಲು ವಿಭಾಗದ ಹಿರಿಯ ಗುಮಾಸ್ತ. ಮೇಜಿನ ಮೇಲೆ ಬಿಲ್ಲು, ಮೇಜಿನ ಕೆಳಗೆ ಬಿಲ್ಲು, ಕನಸಿನಲ್ಲೂ ಬಿಲ್ಲು. ಇಷ್ಟೊಂದು ಬಿಲ್ಲುಗಳನ್ನು ಪಳಗಿಸಿದ ಮಹಾಶಯನಿಗೆ ಹೆಂಡತಿಯ ಒಂದೇ ಒಂದು ಮರದ ಬಿಲ್ಲು ಯಾವ ಲೆಕ್ಕ! ಅದರ ಹಿಡಿಗೆ ನಾನೇ ತೊಗಟೆ ಸುತ್ತಿಕೊಡುತ್ತೇನೆಂದು ಘೋಷಿಸಿಬಿಟ್ಟೆ.

ನನ್ನವಳು ಶಾಲೆಯಲ್ಲಿ ಆಟದ ಮೇಡಂ. ಬಾಣ ಬಿಡುವುದರಲ್ಲಿ ಗಟ್ಟಿಗಿತ್ತಿ. ಮಾತಿನ ಬಾಣವಾದರೆ ಒಂದೂ ಗುರಿ ತಪ್ಪಿದ್ದನ್ನು ನಾನು ಕಾಣೆ. ಆದರೆ ಮರದ ಬಿಲ್ಲು ಹಿಡಿದಾಗ ಅಂಗೈ ಬೆವರುತ್ತದೆ. ಹೋದ ಸಲದ ಪಂದ್ಯದಲ್ಲಿ ಹಿಡಿ ಜಾರಿ, ಬಾಣ ಹೋಗಿ ಪಕ್ಕದವರ ಗುರಿಹಲಗೆಗೆ ನೆಟ್ಟುಕೊಂಡಿತ್ತು. ಈ ಸಲ ಮೊದಲ ಮೂವರಲ್ಲಿ ಬಂದರೆ ಶಾಲೆಯ ಬಿಲ್ಲುಗಾರಿಕೆ ತಂಡ ಅವಳ ಕೈಗೆ. ಇಲ್ಲದಿದ್ದರೆ ಡ್ರಾಯಿಂಗ್ ಮೇಷ್ಟ್ರ ಕೈಗೆ. ಆ ಮೇಷ್ಟ್ರಿಗೆ ಬಿಲ್ಲನ್ನು ಬಿಡಿಸಲು ಬರುತ್ತದೆಯೇ ಹೊರತು ಬಾಣ ಬಿಡಲು ಬರುವುದಿಲ್ಲ. ಆ ತಂಡದ ಮೇಲೆ ಅವಳಿಗೆ ಎಷ್ಟು ಆಸೆಯೆಂದರೆ, ಮಕ್ಕಳು ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದನ್ನೂ ಯೋಚಿಸಿಟ್ಟಿದ್ದಳು.

ಬಿಲ್ಲು ಮಾಡಿಕೊಟ್ಟವರು ಅವಳ ಅಪ್ಪ, ಅಂದರೆ ನನ್ನ ಮಾವ. ಬೇರೆ ಊರಿನಲ್ಲಿದ್ದಾರೆ. ಮರ ಕೆತ್ತಿ ಬಿಲ್ಲು ಮಾಡುವುದೇ ಅವರ ಕಸುಬು. ಹಿಡಿಗೆ ತೊಗಟೆ ಸುತ್ತಿದರೆ ಬೆವರಿದ ಕೈಯೂ ಜಾರುವುದಿಲ್ಲವೆಂದು ಅವರೇ ಒಂದಿಷ್ಟನ್ನು ಪಾರ್ಸೆಲ್ ಮಾಡಿ ಕಳಿಸಿದ್ದರು. ಆದರೆ ತೊಗಟೆ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಅವರಿಗೆ ಅದು ಚಕ್ಕೆ. ಕೆಲಸ ಮಾಡುವಾಗ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಾರಾದ್ದರಿಂದ ಫೋನಿನಲ್ಲಿ ಅವರ ಮಾತು ಅರ್ಧ ನಮಗೆ, ಅರ್ಧ ದಾರಕ್ಕೆ.

ಪಂದ್ಯದ ಹಿಂದಿನ ದಿನ ನಾನು ರಜೆ ಹಾಕಿ ತೋಳೇರಿಸಿ ನಿಂತೆ. ಹೆಂಡತಿ ಶಾಲೆಗೆ ಹೋಗಿದ್ದಳು. ಮಾವನಿಗೆ ಫೋನ್ ಮಾಡಿದೆ. ಚಕ್ಕೆ ನೆನೆಸಿ, ಮೆತ್ತಗಾದ ಮೇಲೆ ಹಿಡಿಗೆ ಅಂಟು ಹಚ್ಚಿ ಸುತ್ತಿ, ಮೇಲೆ ದಾರ ಬಿಗಿದು ಒಣಗಲು ಬಿಡಿ ಎಂದರು. ಇಷ್ಟೇ ತಾನೆ!

ಚಕ್ಕೆ ಎಲ್ಲಿದೆಯೆಂದು ಅಮ್ಮನನ್ನು ಕೇಳಿದೆ. ಅಡುಗೆಮನೆಯಲ್ಲಿ, ಲವಂಗದ ಪಕ್ಕದ ಡಬ್ಬಿಯಲ್ಲಿ ಎಂದಳು. ಅಡುಗೆಮನೆಗೂ ನನಗೂ ಇರುವುದು ತಟ್ಟೆಯ ಸಂಬಂಧ ಮಾತ್ರ. ತನ್ನ ಅಪ್ಪ ಕಳಿಸಿದ್ದನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿದ್ದಾಳಲ್ಲ, ಎಂಥ ಅಚ್ಚುಕಟ್ಟು ಎಂದು ಹೆಂಡತಿಯ ಬಗ್ಗೆ ಹೆಮ್ಮೆಯೇ ಆಯಿತು. ಡಬ್ಬಿ ತೆರೆದರೆ ಕಂದು ಬಣ್ಣದ ತೊಗಟೆ, ತನ್ನಷ್ಟಕ್ಕೆ ತಾನೇ ಸುರುಳಿ ಸುತ್ತಿಕೊಂಡು ಕೂತಿದೆ. ಒಂದು ಹಿಡಿ ತೆಗೆದು ನೀರಿಗೆ ಹಾಕಿದೆ.

ಎಷ್ಟು ಹೊತ್ತಾದರೂ ಅದು ಮೆತ್ತಗಾಗಲಿಲ್ಲ. ಬಗ್ಗಿಸಲು ಹೋದರೆ ಲಟಕ್ಕನೆ ಮುರಿಯಿತು. ಮತ್ತೆ ಮಾವನಿಗೆ ಫೋನ್.

"ಮಾವಾ, ಚಕ್ಕೆ ಬಗ್ತಾನೇ ಇಲ್ಲ."

"ಕುದಿಸಿ ನೋಡಿ ಅಳಿಯಂದಿರೇ."

ಕುದಿಸಿದೆ. ಮನೆಯೆಲ್ಲ ಘಮಘಮ. ಇದಕ್ಕೆ ಇಷ್ಟೊಂದು ಪರಿಮಳ ಇರುತ್ತದೆಯೇ ಎಂದು ಕೇಳಿದೆ. ಆ ಕಡೆ ದಾರ ಹಲ್ಲಿನಿಂದ ಬಿದ್ದಿರಬೇಕು, ಈ ಸಲ ಮಾತು ಪೂರ್ತಿ ನಮಗೇ ಬಂತು.

"ನಮ್ಮ ಚಕ್ಕೆಗೆ ಪರಿಮಳ ಎಲ್ಲಿಂದ ಬಂತು? ಪಾತ್ರೆ ತೊಳೆದಿದ್ರಾ?"

ಪಾತ್ರೆ ತೊಳೆದು ಮತ್ತೆ ಕುದಿಸಿದೆ. ಪರಿಮಳ ಇನ್ನೂ ಜಾಸ್ತಿಯಾಯಿತು. ಮಾವನಿಗೂ ಗೊಂದಲ, ನನಗೂ ಗೊಂದಲ. ಅಷ್ಟರಲ್ಲಿ ಅಮ್ಮ ವಾಸನೆ ಹಿಡಿದು ಬಂದು, ಕುದ್ದ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು, ಗಂಟಲಿಗೆ ಹಿತವಾಗಿದೆ, ದಿನಾ ಮಾಡು ಎಂದಳು. ಬಿಲ್ಲಿನ ತೊಗಟೆಯ ನೀರು ಕುಡಿದ ಅಮ್ಮನಿಗೆ ಏನಾಗುತ್ತದೋ ಎಂದು ನಾನು ಅವಳ ಮುಖವನ್ನೇ ನೋಡುತ್ತ ಕೂತೆ. ಏನೂ ಆಗಲಿಲ್ಲ. ಇನ್ನೊಂದು ಲೋಟ ಕೇಳಿದಳು.

ಕೊನೆಗೆ ಹಿಡಿಗೆ ದಪ್ಪಗೆ ಅಂಟು ಬಳಿದು, ಮುರಿದ ತುಂಡುಗಳನ್ನೇ ಒಂದರ ಪಕ್ಕ ಒಂದು ಜೋಡಿಸಿ, ದಾರ ಸುತ್ತಿ ಬಿಗಿದೆ. ಮೊಸಳೆಯ ಬೆನ್ನಿನ ಹಾಗೆ ಕಂಡರೂ ಕೈಗೆ ಭದ್ರವಾಗಿತ್ತು.

ಸಂಜೆ ಬಂದ ಹೆಂಡತಿ ಬಿಲ್ಲನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಡಬ್ಬಿ ತೆರೆದಳು. ಆಮೇಲೆ ಬಾಗಿಲ ಹತ್ತಿರ ಹೋಗಿ, ನಾನು ದಿನಾ ಚಪ್ಪಲಿ ಬಿಡುವ ಜಾಗದಿಂದ ಒಂದು ಪೊಟ್ಟಣ ಎತ್ತಿ ತಂದಳು. ಚಪ್ಪಲಿಯ ಅಚ್ಚು ಬಿದ್ದಿದ್ದ ಆ ಪೊಟ್ಟಣದೊಳಗೆ, ಬಟ್ಟೆಯ ಹಾಗೆ ಮಡಚಬಹುದಾದ, ಮೆತ್ತನೆಯ ತೊಗಟೆಯ ಉದ್ದುದ್ದ ಪಟ್ಟಿಗಳು.

"ಅಪ್ಪ ಕಳಿಸಿದ ಚಕ್ಕೆ ಇದು," ಎಂದಳು. "ನೀವು ಅಂಟಿಸಿರೋದು ಮಸಾಲೆ ಚಕ್ಕೆ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಮಸಾಲೆಯ ಚಕ್ಕೆಯೂ ಮರದ ತೊಗಟೆಯೇ, ಹೀಗಾಗಿ ಶಾಸ್ತ್ರಪ್ರಕಾರ ನಾನು ಮಾಡಿದ್ದು ಸರಿ ಎಂದು ವಾದಿಸಿದೆ. ಅವಳು ಬೈದಿದ್ದರೆ ವಾದ ಮುಂದುವರಿಸುತ್ತಿದ್ದೆ. ಬೈಯಲಿಲ್ಲ. ಕಿತ್ತು ಬೇರೆ ಸುತ್ತಿದರೆ ಬೆಳಗ್ಗೆಯೊಳಗೆ ಒಣಗುವುದಿಲ್ಲ ಎಂದಷ್ಟೇ ಹೇಳಿ ಬಿಲ್ಲನ್ನು ಗೋಡೆಗೆ ಒರಗಿಸಿದಳು. ಊಟಕ್ಕೆ ಕೂತಾಗಲೂ ಅತ್ತಲೇ ನೋಡುತ್ತಿದ್ದಳು. ಅವಳ ತಂಡವನ್ನು ನನ್ನ ಕೈಯಾರೆ ಡ್ರಾಯಿಂಗ್ ಮೇಷ್ಟ್ರಿಗೆ ದಾನ ಮಾಡಿದ್ದೆ.

ಮರುದಿನ ಮಧ್ಯಾಹ್ನ ಅವಳು ಬಂದದ್ದು ಕೊರಳಲ್ಲಿ ಪದಕ ಹಾಕಿಕೊಂಡು. ಎರಡನೆಯ ಸ್ಥಾನ! ತಂಡ ಅವಳದೇ. ಅಮ್ಮ ಪದಕವನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಮೆಲ್ಲಗೆ, ಹಿಡಿ ಹೇಗಿತ್ತು ಎಂದೆ.

"ಒಂದು ಸಲವೂ ಜಾರಲಿಲ್ಲ."

ನೋಡಿ, ನನ್ನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಇನ್ನು ಮುಂದೆ ಜಗತ್ತಿನ ಬಿಲ್ಲುಗಳಿಗೆಲ್ಲ ಮಸಾಲೆ ಚಕ್ಕೆಯನ್ನೇ ಸುತ್ತಬೇಕು, ಇದು ನನ್ನ ಸಂಶೋಧನೆ ಎಂದು ಶುರುಮಾಡಿದೆ. ಅಷ್ಟರಲ್ಲಿ ಅವಳು ಬಿಲ್ಲನ್ನು ನನ್ನ ಮುಂದೆ ಇಟ್ಟಳು. ಹಿಡಿಯ ಮೇಲೆ ಒಂದು ಚೂರು ಚಕ್ಕೆಯೂ ಇರಲಿಲ್ಲ.

"ಬಸ್ಸಲ್ಲೇ ದಾರ ಬಿಚ್ಚಿಕೊಂಡು ಚಕ್ಕೆಯೆಲ್ಲ ಉದುರಿಹೋಯ್ತು. ಉಳಿದಿದ್ದು ಅಂಟು ಒಂದೇ. ಒಣಗಿ ಗರಗಸದ ಹಾಗೆ ಒರಟಾಗಿತ್ತಲ್ಲ, ಅದೇ ಕೈ ಹಿಡೀತು."

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಮಾವ. ಪಂದ್ಯಕ್ಕೆ ಬಂದಿದ್ದ ಕೆಲವರು ಇವಳ ಹಿಡಿಯನ್ನು ಮುಟ್ಟಿ ನೋಡಿ, ಇಂಥದ್ದೇ ಬೇಕೆಂದು ಆಗಲೇ ಅವರಿಗೆ ಹೇಳಿಕಳಿಸಿದ್ದರಂತೆ. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, ನಗು ತಡೆದುಕೊಂಡು ಫೋನನ್ನು ನನ್ನ ಕೈಗೆ ಕೊಟ್ಟಳು.

"ಏನನ್ನೂ ಸುತ್ತದೆ ಇಷ್ಟು ಚೆನ್ನಾಗಿ ಸುತ್ತೋದು ಹೇಗೆ ಅಂತ ಅಪ್ಪ ಕೇಳ್ತಿದ್ದಾರೆ. ನೀವೇ ಹೇಳಿಕೊಡಿ."