ಐದನೇ ಪೋರ್ಟಿನ ದೀಪ

ನಮ್ಮ ಚಿಕ್ಕಪ್ಪನಿಗೆ ದೆವ್ವದ ಭಯವಿಲ್ಲ. ಎದುರಿಗೇ ದೆವ್ವ ಬಂದು ನಿಂತರೂ ಅದರ ಪಾದ ಹಿಂದುಮುಂದಾಗಿದೆಯೇ ಎಂದು ನೋಡುವವರಲ್ಲ, ಅದರ ವೈರು ಎಲ್ಲಿಗೆ ಹೋಗಿದೆ ಎಂದು ಹುಡುಕುವವರು! ಅಂಥವರು ಹೋದ ಮಳೆಗಾಲದಲ್ಲಿ ಸಾಸಿವೆಯಷ್ಟಿರುವ ಒಂದು ಹಸಿರು ದೀಪಕ್ಕಾಗಿ ಅನ್ನ ನೀರು ಬಿಟ್ಟು ಕೂತರು ಎಂದರೆ ನಂಬುತ್ತೀರಾ? ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ.

ಚಿಕ್ಕಪ್ಪನ ಮನೆ ಚಂದ್ರಾ ಲೇಔಟಿನಲ್ಲಿ. ಒಂದು ಆಫೀಸಿನ ನೆಟ್‌ವರ್ಕ್ ನೋಡಿಕೊಂಡೇ ತಲೆ ಹಣ್ಣಾಗಿಸಿಕೊಂಡವರು. ರಿಟೈರಾದ ಮೇಲೆ ಬೇರೆಯವರು ಪಾರ್ಕಿನಲ್ಲಿ ಕೈ ಬೀಸುತ್ತಾ ನಡೆಯುತ್ತಾರೆ. ಇವರು ಆಫೀಸಿನವರು ಗುಜರಿಗೆ ಹಾಕಲಿದ್ದ ಫೋನುಗಳನ್ನೂ ಒಂದು ಸ್ವಿಚ್ಚನ್ನೂ ಆಟೋದಲ್ಲಿ ಹೇರಿಕೊಂಡು ಮನೆಗೆ ಬಂದರು. ಗೋಡೆಯ ಮೇಲೆ ಟಕ್ ಎನ್ನುವ ಸ್ವಿಚ್ಚಲ್ಲ ಇದು. ಸಾಲಾಗಿ ಚೌಕದ ತೂತುಗಳಿರುವ ತಗಡಿನ ಪೆಟ್ಟಿಗೆ. ತೂತಿಗೆ ಪೋರ್ಟ್ ಎಂದು ಹೆಸರು. ಒಂದೊಂದು ಪೋರ್ಟಿನಿಂದ ಒಂದೊಂದು ಕೋಣೆಯ ಫೋನಿಗೆ ವೈರು. ಅದೇ ವೈರಿನಲ್ಲಿ ಮಾತೂ ಹೋಗುತ್ತದೆ, ಫೋನಿಗೆ ಬೇಕಾದ ಕರೆಂಟೂ ಹೋಗುತ್ತದೆ. ಎಲ್ಲ ಸರಿಯಿದ್ದರೆ ಪೋರ್ಟಿನ ತಲೆಯ ಮೇಲೆ ಹಸಿರು ದೀಪ. ಐದನೇ ಪೋರ್ಟು ಅಡುಗೆಮನೆಯದು, ಎಂದರೆ ಚಿಕ್ಕಮ್ಮನದು.

"ಮೆಟ್ಲ ಕೆಳಗಿರೋ ಹೆಂಡ್ತೀನ ಕರೆಯೋಕೆ ಫೋನ್ ಬೇಕೇನ್ರೀ? ಬಾಯಿಗೇನಾಗಿದೆ?" ಎಂದು ಚಿಕ್ಕಮ್ಮ ಮೊದಲ ದಿನವೇ ಕೇಳಿದ್ದರು.

"ಕೂಗಿದ್ರೆ ಅರ್ಧ ಮಾತು ಮೆಟ್ಲ ಮೇಲೇ ಬಿದ್ದುಹೋಗುತ್ತೆ ಕಣೇ. ಇದ್ರಲ್ಲಾದ್ರೆ ಪೂರ್ತಿ ಬರುತ್ತೆ."

"ಪೂರ್ತಿ ಬಂದು ಏನಾಗ್ಬೇಕು? ನೀವು ಹೇಳೋದೇ ಕಾಫಿ ಅಂತ ಒಂದು ಮಾತು!"

ಕಾಫಿಯ ಕರೆಗಳು ಮಿತಿಮೀರಿದಾಗ ಚಿಕ್ಕಮ್ಮ ಒಂದು ಉಪಾಯ ಮಾಡಿದರು. ಅಡುಗೆಮನೆಯ ಫೋನಿನಲ್ಲಿ ತಮ್ಮ ದನಿ ತುಂಬಿಸಿಟ್ಟರು. ಎತ್ತುವವರಿಲ್ಲದಿದ್ದರೆ ಅದೇ ಉತ್ತರ ಕೊಡುತ್ತಿತ್ತು: "ಕೈಯೆಲ್ಲ ಹಿಟ್ಟಾಗಿದೆ. ಸ್ವಲ್ಪ ಇರಿ, ಬರ್ತೀನಿ." ಚಿಕ್ಕಪ್ಪ ಮಹಡಿಯಲ್ಲಿ ವಿಧೇಯರಾಗಿ ಕಾಯುತ್ತಿದ್ದರು. ಚಿಕ್ಕಮ್ಮ ಅಷ್ಟರಲ್ಲಿ ಮಾರೇನಹಳ್ಳಿಯ ತರಕಾರಿ ಅಂಗಡಿಯಲ್ಲಿ ಹುರುಳಿಕಾಯಿ ಆರಿಸುತ್ತಿರುತ್ತಿದ್ದರು!

ಸಂಕ್ರಾಂತಿ ಕಳೆದ ಮೇಲೆ ಜ್ವರವೆಂದು ಮಲಗಿದ ಚಿಕ್ಕಮ್ಮ ಮತ್ತೆ ಏಳಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ಮಧ್ಯಾಹ್ನ ನಾನು ಮಹಡಿಯ ಕೋಣೆಯಲ್ಲಿದ್ದೆ. ಕೆಳಗೆ ಪಾತ್ರೆಯ ಸದ್ದಾಯಿತು. ಅಡುಗೆಯವರು ಇನ್ನೂ ಹೋಗಿಲ್ಲವೆಂದುಕೊಂಡು, ಬಿಸಿನೀರು ಕೇಳೋಣವೆಂದು ಅಲ್ಲಿಯ ಫೋನಿನಲ್ಲಿ ಅಡುಗೆಮನೆಯ ಗುಂಡಿ ಒತ್ತಿದೆ. "ಕೈಯೆಲ್ಲ ಹಿಟ್ಟಾಗಿದೆ," ಎಂದರು ಚಿಕ್ಕಮ್ಮ, ಕಿವಿಯೊಳಗೇ ಕೂತವರ ಹಾಗೆ. "ಸ್ವಲ್ಪ ಇರಿ, ಬರ್ತೀನಿ."

ಬೇಡ ಚಿಕ್ಕಮ್ಮ, ದಯವಿಟ್ಟು ಬರಬೇಡಿ, ನೀರು ನಾನೇ ಕಾಯಿಸಿಕೊಳ್ಳುತ್ತೇನೆ! ನಾನು ರಿಸೀವರ್ ಎಸೆದ ಸದ್ದಿಗೆ ಚಿಕ್ಕಪ್ಪ ಬಾಗಿಲಿಗೆ ಬಂದರು.

"ಹೆದರ್ಕೊಂಡ್ಯಾ? ನಾನು ದಿನಾ ಕೇಳ್ತೀನಿ," ಎಂದರು, ಪೇಪರ್ ಬಂತೆಂದು ಹೇಳುವಷ್ಟು ಸಲೀಸಾಗಿ. "ಆ ಫೋನೊಳಗೇ ಇದೆ. ಬೇರೆಲ್ಲೂ ಇಲ್ಲ." ಕೆಳಗೆ ಹೋಗಿ ನೋಡಿದೆ. ಅಡುಗೆಯವರು ಯಾವಾಗಲೋ ಬೀಗದಕೈ ಇಟ್ಟು ಹೋಗಿದ್ದರು.

ಆಷಾಢದ ಜಿಟಿಜಿಟಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಮನೆಗೆ ಚಿಕ್ಕಪ್ಪನ ಕರೆ. "ಐದನೇದು ಹೋಯ್ತು ಕಣೇ." ಯಾರೋ ತೀರಿಕೊಂಡರೆಂಬಂತಿತ್ತು ದನಿ. ಆಟೋ ಹಿಡಿದು ಓಡಿದೆ.

ಮೆಟ್ಟಿಲ ಕೆಳಗಿನ ಕತ್ತಲ ಕಪಾಟಿನಲ್ಲಿ ವೈರಿರುವ ಉಳಿದ ಪೋರ್ಟುಗಳ ದೀಪಗಳೆಲ್ಲ ಪಿಳಿಪಿಳಿ ಎನ್ನುತ್ತಿದ್ದವು. ಐದನೆಯದು ಮಾತ್ರ ಕಣ್ಣು ಮುಚ್ಚಿತ್ತು. ಚಿಕ್ಕಪ್ಪ ವೈರಿನ ತುದಿ ಬದಲಿಸಿದರು. ಇಡೀ ವೈರನ್ನೇ ಬದಲಿಸಿದರು. ಸ್ವಿಚ್ಚನ್ನು ಆರಿಸಿ ಹಚ್ಚಿದರು, ಬೈದರು, ರಮಿಸಿದರು. ಒಮ್ಮೊಮ್ಮೆ ಮಳೆ ಜೋರಾದಾಗ ದೀಪ ಚಕ್ಕನೆ ಬಂದು, ನಾವು ಉಸಿರೆಳೆಯುವುದರೊಳಗೆ ಹೋಗುತ್ತಿತ್ತು. ಯಾರೋ ಬಾಗಿಲ ಸಂದಿಯಿಂದ ಇಣುಕಿ ಮರೆಯಾದ ಹಾಗೆ. ನನಗಂತೂ ಆ ಕಪಾಟಿಗೆ ಬೆನ್ನು ಹಾಕಿ ಕೂರಲು ಧೈರ್ಯವಾಗಲಿಲ್ಲ.

ಮಧ್ಯಾಹ್ನ ಊಟಕ್ಕೆಬ್ಬಿಸಲು ನೋಡಿ ಸೋತು, ಅವರನ್ನು ಮಹಡಿಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಆಗ ಅಲ್ಲಿಯ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಅಕ್ಷರ ಮೂಡಿತ್ತು: ಅಡುಗೆಮನೆ.

ಮನೆಯಲ್ಲಿದ್ದದ್ದು ನಾವಿಬ್ಬರೇ. ಇಬ್ಬರೂ ಮಹಡಿಯಲ್ಲಿ.

"ಎತ್ಬೇಡಿ ಚಿಕ್ಕಪ್ಪ!" ಎಂದೆ. ಅವರು ಎತ್ತಿದರು. ಆ ಕಡೆಯಿಂದ ಮಾತಿಲ್ಲ. ನನಗೂ ಕೇಳುವಂತೆ ಸುಯ್ ಎಂಬ ಸದ್ದು ಮಾತ್ರ. ಚಿಕ್ಕಪ್ಪ ಮೆಲ್ಲಗೆ "ಕಾಫಿ" ಎಂದರು. ಲೈನು ಕಟ್ಟಾಯಿತು.

ಕೆಳಗೋಡಿದೆವು. ಅಡುಗೆಮನೆ ಖಾಲಿ. ಫೋನಿನ ಮುಖ ಕಪ್ಪಗಿತ್ತು. ಮುಟ್ಟಿದರೆ ಬೆಚ್ಚಗಿತ್ತು.

"ಕರೆಂಟ್ ಬಂದು ಹೋಗಿದೆ, ಅಷ್ಟೇ," ಎಂದರು ದೆವ್ವದ ಭಯವಿಲ್ಲದ ನಮ್ಮ ಚಿಕ್ಕಪ್ಪ. ಫೋನಿನ ಮೇಲಿಟ್ಟ ಕೈಯನ್ನು ಮಾತ್ರ ತೆಗೆಯಲಿಲ್ಲ.

ನನಗೆ ತಡೆಯಲಾಗಲಿಲ್ಲ. ಬೀದಿಯಲ್ಲಿ ಯಾರ ಮನೆಯ ಇಂಟರ್‌ನೆಟ್ ಕೆಟ್ಟರೂ "ಮೊದ್ಲು ಪಕ್ಕದ ಪೋರ್ಟಿಗೆ ಹಾಕಿ ನೋಡ್ರೀ" ಎನ್ನುವವರು ಇವರೇ ಅಲ್ಲವೇ? "ಚಿಕ್ಕಪ್ಪ, ಆರನೇದು ಖಾಲಿ ಇದೆ. ಬೆಳಿಗ್ಗೆಯಿಂದ ಅದೊಂದು ಬಿಟ್ಟು ಎಲ್ಲಾ ಮಾಡಿದ್ರಿ. ಯಾಕೆ?"

ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. "ಅಲ್ಲೂ ದೀಪ ಬರ್ಲಿಲ್ಲ ಅಂದ್ರೆ? ಕೆಟ್ಟಿರೋದು ಪೋರ್ಟಲ್ಲ, ಫೋನೇ ಅಂತ ಗೊತ್ತಾಗ್ಬಿಡುತ್ತೆ. ಅದ್ರೊಳಗಿರೋಳೂ ಹೋದ್ಲು ಅಂತ ಗೊತ್ತಾಗ್ಬಿಡುತ್ತೆ. ಇನ್ನೊಂದ್ಸಲ ಬೇಡ ಕಣೇ ನಂಗೆ."

ಅವರ ಹೆದರಿಕೆ ಏನೆಂದು ಆಗ ತಿಳಿಯಿತು. "ನೀವು ಆಕಡೆ ತಿರುಗಿ ಕೂತ್ಕೊಳ್ಳಿ, ನಾನು ಹಾಕ್ತೀನಿ," ಎಂದೆ. ಶಾಲೆಯ ಮಗುವಿನಂತೆ ಗೋಡೆಗೆ ಮುಖ ಮಾಡಿ ಕೂತರು.

ಐದನೇ ಪೋರ್ಟಿನಿಂದ ವೈರು ಕಿತ್ತೆ. ತುದಿ ನನ್ನ ಬೆರಳಿಗೆ ತಾಗಿತು. ಬೆರಳು ಕೆಂಪಾಯಿತು. ರಕ್ತ! ನನ್ನ ಚೀತ್ಕಾರಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಚಿಕ್ಕಪ್ಪ ಟಾರ್ಚ್ ತಂದು ತೂತಿನೊಳಗೆ ಬೆಳಕು ಬಿಟ್ಟರು. ಒಳಗೆಲ್ಲ ಕೆಂಪು. ಬೆಳಿಗ್ಗೆ ಕತ್ತಲಲ್ಲಿ ಕಣ್ಣಿಗೆ ಬೀಳದ್ದು ಈಗ ಮಳೆಯ ತೇವಕ್ಕೆ ನೆನೆದು ಒಸರುತ್ತಿತ್ತು. ತೂತಿನೊಳಗಿನ ತಂತಿಗಳಿಗೆ ಹಸಿರು ಕಿಲುಬು.

ಚಿಕ್ಕಪ್ಪ ಮೂಸಿ ನೋಡಿದರು. "ಕುಂಕುಮ!"

ಆಯುಧಪೂಜೆಯ ದಿನ ಚಿಕ್ಕಮ್ಮ ಕುಂಕುಮವನ್ನು ನೀರಿನಲ್ಲಿ ಕಲಸಿಕೊಂಡು ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಇಡುತ್ತಿದ್ದರು. ಸ್ವಿಚ್ಚಿಗೆ ಮಾತ್ರ ಚಿಕ್ಕಪ್ಪನ ಕಟ್ಟಪ್ಪಣೆ: ಮುಚ್ಚಳದ ಮೇಲೆ ಇಡಬೇಕು, ಪೋರ್ಟಿನ ಹತ್ತಿರ ಬೆರಳು ಹೋಗಕೂಡದು.

"ಮುಚ್ಚಳಕ್ಕಿಟ್ರೆ ಪೂಜೆ ಮುಚ್ಚಳಕ್ಕೆ ಸೇರುತ್ತೆ, ನಂದಕ್ಕೆ ನಾನೇ ಇಟ್ಕೋತೀನಿ ಅಂತಿದ್ಲು. ಕಿತ್ತು, ಒಳಗೇ ಇಟ್ಟು, ಏನೂ ಗೊತ್ತಿಲ್ದೋಳ ಥರ ಮತ್ತೆ ಸಿಕ್ಸಿದಾಳೆ ನೋಡೇ!" ಚಿಕ್ಕಮ್ಮ ಹೋದ ಮೇಲೆ ಚಿಕ್ಕಪ್ಪ ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ.

ವೈರಿನ ತುದಿಯನ್ನು ದುಪಟ್ಟಾದಲ್ಲಿ ಒರೆಸಿ ಆರನೇ ಪೋರ್ಟಿಗೆ ಸಿಕ್ಕಿಸಿದೆ. ಏನೂ ಇಲ್ಲ. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡರು. ಕಿತ್ತಳೆ ಬಣ್ಣ ಮಿನುಗಿತು. ಆಮೇಲೆ ಹಸಿರು ನಿಂತಿತು. ಅವರು ಮೆಟ್ಟಿಲು ಹತ್ತಿದರು. ನಾನು ಅಡುಗೆಮನೆಗೆ ಹೋದೆ. ನನ್ನೆದುರಿಗೇ ಫೋನು ಹೊಡೆದುಕೊಂಡಿತು. ಎತ್ತಲು ಹೋದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಅದು ಪೂರ್ತಿ ಹೊಡೆದುಕೊಂಡು, ತಾನೇ ಸುಮ್ಮನಾಯಿತು. ಮಹಡಿಯಿಂದ ಚಿಕ್ಕಪ್ಪ ತುಂಬ ಹೊತ್ತು ಕೆಳಗಿಳಿಯಲಿಲ್ಲ.

ಚಿಕ್ಕಮ್ಮನ ದನಿಯನ್ನು ಈಗ ಬೇರೆ ಕಡೆಯೂ ಇಳಿಸಿಟ್ಟುಕೊಂಡಿದ್ದೇವೆ. ಆದರೆ ಆ ಮಧ್ಯಾಹ್ನ ಅಡುಗೆಮನೆಯಿಂದ ಫೋನು ಮಾಡಿದ್ದು ಯಾರು? ಕೇಳಿದರೆ ಚಿಕ್ಕಪ್ಪ ತೇವ, ಶಾರ್ಟು ಎಂದು ಏನೇನೋ ಶುರುಮಾಡಿ, ನಡುವೆಯೇ "ಇರ್ಲಿ ಬಿಡು" ಎನ್ನುತ್ತಾರೆ.

ಈ ಸಲದ ಆಯುಧಪೂಜೆಗೆ ಕುಂಕುಮದ ಬಟ್ಟಲು ಹಿಡಿದು ಹೋದವಳು ನಾನು. ಕಪಾಟಿನ ಬಾಗಿಲನ್ನು ಚಿಕ್ಕಪ್ಪನೇ ತೆರೆದರು. "ಮುಚ್ಚಳಕ್ಕೆ ತಾನೇ?" ಎಂದೆ. "ಒಂದೊಂದಕ್ಕೂ ಇಡು. ಹುಷಾರು, ಒಳಗೆ ಹೋಗ್ಬಾರ್ದು," ಎಂದರು. ಪೋರ್ಟುಗಳ ಮೇಲಂಚಿಗೆ ಒಂದೊಂದೇ ಬೊಟ್ಟಿಡುತ್ತಾ ಬಂದೆ. ಐದನೆಯದು ಖಾಲಿಯಾಗಿ, ಕೆಂಪಾಗಿ, ಅಂದು ಇದ್ದ ಹಾಗೇ ಇತ್ತು. ನನ್ನ ಬೆರಳು ಅಲ್ಲಿಗೆ ಬಂದಾಗ ಚಿಕ್ಕಪ್ಪ ಕೈ ಹಿಡಿದರು.

"ಅದಕ್ಕೆ ಬೇಡ ಕಣೇ. ಅದಕ್ಕೆ ಇಟ್ಟಾಗಿದೆ."